ಫ್ರಾನ್ಸಿನ ಸಮುದ್ರದ ದಂಡಿಗೆ ಡೇರೆ ಹಾಕಾಕ ಹೊಂಟೀರೇನ್ರಿ? ಮೊದ್ಲ ಗಾಳಿ ನೋಡ್ರಿ, ಆಮ್ಯಾಲ ಫೋಟೋ

ಯುರೋಪ್ ಅಂದ್ರ ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಇನ್ನೂ ಪ್ಯಾಕೇಜ್ ಟೂರ್ ಅಂತನ ಭಾಳ ಮಂದಿ ತಿಳ್ಕೊಂಡಾರ, ಹನ್ನೆರಡು ದಿನಕ್ಕ ಆರು ದೇಶ, ಮುಂಜಾನೆ ಎದ್ದು ಬ್ಯಾಗ್ ಬಸ್ಸಿಗೆ ಹಾಕೂದು, ಸಂಜೀಕ ಮತ್ತೊಂದು ಹೋಟೆಲ್ಲಿಗೆ ಇಳಸೂದು. ನಾವು ಗಂಡ ಹೆಂಡ್ತಿ ಮಗಳು ಮೂರೂ ಮಂದಿ ಹಂಗ ಹೋಗ್ಲಿಲ್ಲ. ದಕ್ಷಿಣ ಫ್ರಾನ್ಸಿನ ಮೆಡಿಟರೇನಿಯನ್ ದಂಡ್ಯಾಗ ಎರಡ ಎರಡು ಊರು ಆರಿಸಿಕೊಂಡು, ಟೆಂಟ್ ಹಾಕಿ, ನಮ್ಮ ಅಡಗಿ ನಾವ ಮಾಡ್ಕೊಂಡು ಹತ್ತು ರಾತ್ರಿ ಇದ್ದು ಬಂದ್ವಿ. ಬಂದ ಮ್ಯಾಲ ಆಫೀಸಿನ್ಯಾಗ, ಓಣ್ಯಾಗ, ಬೀಗರ ಮನ್ಯಾಗ ಎಲ್ಲಾರೂ ಕೇಳಿದ್ದು ಒಂದ, ಹೆಂಗ ಪ್ಲ್ಯಾನ್ ಮಾಡಿದ್ರಿ ಅಂತ. ಅದಕ್ಕ ಒಂದ ಕಡೆ ಎಲ್ಲಾ ಬರದು ಇಡ್ಲಿಕತ್ತೀನಿ.

ಡೇರೆ ಅಂದ್ರ ಕಡಿಮಿ ದರ್ಜೆ ಅಂತ ಮನಸ್ಸಿನ್ಯಾಗ ಇದ್ರ ಅದನ್ನ ಮೊದ್ಲ ತಗೀರಿ. 1936ರಾಗ ಫ್ರಾನ್ಸಿನ ಸರ್ಕಾರ ಕೆಲಸಗಾರರಿಗೆ ಪಗಾರ ಸಹಿತ ಎರಡು ವಾರ ಸೂಟಿ ಕೊಡಬೇಕು ಅಂತ ಕಾಯ್ದೆ ಮಾಡ್ತು, ಆವಾಗಿಂದ ಫ್ಯಾಕ್ಟರಿ ಮಂದಿ ಸೈಕಲ್ಲು ಟ್ರೇನು ಹತ್ತಿ ಟೆಂಟ್ ತಗೊಂಡು ಸಮುದ್ರಕ್ಕ ಬರಾಕ ಚಾಲೂ ಮಾಡಿದ್ರು. ಇವತ್ತಿಗೂ ಅಲ್ಲೆ ಕ್ಯಾಂಪಿಂಗ್ ಅಂದ್ರ ಮನಿ ಮಂದಿ ಎಲ್ಲಾ ಕೂಡಿ ಮಾಡೂ ಸೂಟಿ. ಕ್ಯಾಂಪ್‌ಗಳಿಗೆ ಹೋಟೆಲ್ ಹಂಗ ಒಂದರಿಂದ ಐದು ಸ್ಟಾರ್ ತನಕ ಸರ್ಕಾರದ ಗ್ರೇಡ್ ಐತಿ, ಬಿಸಿನೀರಿನ ಸ್ನಾನದ ಮನಿ, ಭಾಂಡಿ ತಿಕ್ಕೂ ಕಟ್ಟಿ, ಅರಿವಿ ಒಗಿಯೂ ಮಷಿನ್ ಎಲ್ಲಾ ಇರ್ತಾವ. ಆದ್ರ ಸಿಕ್ಕ ಸಿಕ್ಕಲ್ಲೆ ಬೀಚಿನ ಮ್ಯಾಲ ಟೆಂಟ್ ಹಾಕಾಕ ಮಾತ್ರ ಬರಂಗಿಲ್ಲ, ಸಮುದ್ರದ ದಂಡ್ಯಾಗ ಅದು ಕಾಯ್ದೆಕ್ಕ ವಿರುದ್ಧ, ದಂಡ ಬೀಳ್ತೈತಿ.

ಜಾಗಾದ ವಿಷಯಕ್ಕ ಬರೂಣು. ಆ ದಂಡಿಯ ಮಾರ್ಸೇ ಪಟ್ಟಣದಿಂದ ನೀಸ್ ಪಟ್ಟಣದ ತನಕ ರೋಡಿನ ಲೆಕ್ಕದಾಗ ಸುಮಾರು 200 ಕಿಲೋಮೀಟರ್, ಆದ್ರ ಅಷ್ಟರೊಳಗ ಸಮುದ್ರದ ಬಣ್ಣ ಬ್ಯಾರೆ, ಕಲ್ಲಿನ ಬಣ್ಣ ಬ್ಯಾರೆ. ಮಾರ್ಸೇ ಕಡೆ ಕಲಾಂಕ್ ಅಂತ ಬೆಳ್ಳನ ಸುಣ್ಣಗಲ್ಲಿನ ಗುಡ್ಡ, ನಡುವ ಸಮುದ್ರ ಬಾಗಿ ಒಳಗ ಬಂದಿರ್ತೈತಿ, 2012ರಾಗ ಅದು ನ್ಯಾಷನಲ್ ಪಾರ್ಕ್ ಆತು. ನಡುವ ಇಯೇರ್ ಊರು, ಅಲ್ಲಿಂದ ಜಿಯಾಂ ಅನ್ನೋ ಭೂಮಿ ಎರಡು ಉಸುಕಿನ ದಾರಿ ಮ್ಯಾಲ ಸಮುದ್ರದೊಳಗ ಚಾಚ್ಕೊಂಡೈತಿ, ಆ ಎರಡು ದಾರಿ ನಡುವ ಹಳೇ ಉಪ್ಪಿನ ಗದ್ದಿ, ಅದರಾಗ ಫ್ಲೆಮಿಂಗೋ ಹಕ್ಕಿ ನಿಂತಿರ್ತಾವ. ಇನ್ನ ನೀಸ್ ಕಡೆ ಸರದ್ರ ಎಸ್ತರೆಲ್ ಗುಡ್ಡ, ಜ್ವಾಲಾಮುಖಿಯಿಂದ ಆದ ಕೆಂಪು ಕಲ್ಲು, ನಮ್ಮ ಬದಾಮಿ ಕೆಂಪು ನೋಡಿದವ್ರಿಗೂ ಅಲ್ಲೆ ಕಣ್ಣು ಅಗಲ ಆಕ್ಕಾವ, ಯಾಕಂದ್ರ ಕೆಂಪಿನ ಬುಡಕ್ಕ ಪೂರಾ ನೀಲಿ ನೀರು.

ಎಲ್ಲಾ ನೋಡಬೇಕು ಅಂತ ದಿನಾ ಒಂದ ಕಡೆ ಟೆಂಟ್ ಬಿಚ್ಚಿ ಕಟ್ಟಾಕ ಹೋಗಬ್ಯಾಡ್ರಿ. ನಾವು ಜಿಯಾಂದಾಗ ಐದು ರಾತ್ರಿ, ಎಸ್ತರೆಲ್ ಬುಡಕ್ಕ ಅಗೇ ಅನ್ನೋ ಊರಾಗ ಐದು ರಾತ್ರಿ ಇದ್ವಿ, ಅಷ್ಟ. ಮಾರ್ಸೇದಿಂದ ಇಟಲಿ ಗಡಿ ತನಕ ಟ್ರೇನ್ ಲೈನ್ ಐತಿ, ಅಗೇ ಹತ್ರ ಅದು ಸಮುದ್ರದ ದಂಡಿಗೆ ಅಂಟ್ಕೊಂಡ ಹೊಕ್ಕೈತಿ, ಹಿಂಗಾಗಿ ಕಾರ್ ಬಾಡಿಗಿ ಇಲ್ದನ ಆತು. ಅಗೇದಂಥ ಸಣ್ಣ ಸ್ಟೇಷನ್ನಿಗೆ ಎಲ್ಲಾ ಟ್ರೇನ್ ನಿಲ್ಲಂಗಿಲ್ಲ, ಟೈಮ್ ಟೇಬಲ್ ನೋಡ್ಕೊಂಡ ಕ್ಯಾಂಪ್ ಆರಿಸ್ರಿ. ಕಾರ್ ಬೇಕ ಬೇಕು ಅಂದ್ರ ಹೊರಡೂ ಮುಂಚೆ ನಮ್ಮ ಆರ್‌ಟಿಓದಾಗ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ರಿ, ಒಂದು ವರ್ಷ ನಡೀತೈತಿ, ಅಲ್ಲೆ ಗಾಡಿ ಬಲಕ್ಕ ಹೊಡೀಬೇಕು.

ಯಾವಾಗ ಹೋಗೂದು ಅನ್ನೋದರಾಗ ನಮ್ಮ ಕಡೆಯವ್ರು ಒಂದು ಮಾತು ಮರೀಬಾರದು, ಅಲ್ಲೆ ಮಳಿ ಲೆಕ್ಕ ನಮಗ ಪೂರ್ತಿ ಉಲ್ಟಾ. ಧಾರವಾಡದಾಗ ಜೂನ್ ಜುಲೈ ಆಗಸ್ಟ್ ಜಿಟಿಜಿಟಿ ಮಳಿ ಹಿಡದಾಗ ಅಲ್ಲೆ ಒಂದು ಹನಿ ಬೀಳೂದು ಅಪರೂಪ. ಅಲ್ಲೆ ಜೋರ ಮಳಿ ಅಂದ್ರ ಸೆಪ್ಟೆಂಬರ್ ಕಡೀಕಿಂದ ನವೆಂಬರ್ ತನಕ, ಕಾದ ಸಮುದ್ರದ ಮ್ಯಾಲಿಂದ ಹಸಿ ಗಾಳಿ ಬಂದು ಗುಡ್ಡಕ್ಕ ಬಡದು ನಾಕೈದು ತಾಸಿನ್ಯಾಗ ಹಳ್ಳ ತುಂಬಿ ಹರೀತಾವ, ಆ ಹೊತ್ತಿನ್ಯಾಗ ಒಣ ಹಳ್ಳದ ಮಗ್ಗಲಕ ಟೆಂಟ್ ಹಾಕಬಾರದು. ಜುಲೈ ಹದಿನಾಲ್ಕರಿಂದ ಆಗಸ್ಟ್ ಹದಿನೈದರ ತನಕ ಇಡೀ ಫ್ರಾನ್ಸ್ ಸಮುದ್ರಕ್ಕ ಬಂದಿರ್ತೈತಿ, ರೇಟ್ ಡಬಲ್, ಭಾಳ ಕ್ಯಾಂಪ್‌ಗಳು ಶನಿವಾರದಿಂದ ಶನಿವಾರ ಒಂದು ವಾರಕ್ಕ ಕಡಿಮಿ ಕೊಡಂಗಿಲ್ಲ. ಮಕ್ಕಳ ಸಾಲಿ ತಾಪತ್ರಯ ಇಲ್ದವ್ರಿಗೆ ಜೂನ್ ಮೊದ್ಲ ಎರಡು ಮೂರು ವಾರ ಇಲ್ಲಾ ಸೆಪ್ಟೆಂಬರ್ ಮೊದ್ಲ ಹದಿನೈದು ದಿನ ಬಂಗಾರದಂಥ ಹೊತ್ತು. ಸಾಲಿ ಹುಡುಗ್ರು ಇದ್ರ ನಮ್ಮ ಬ್ಯಾಸಗಿ ಸೂಟಿ ಮೇ ಒಳಗ ಬರ್ತೈತಿ, ಆವಾಗ ಬಿಸಲು ಹಿತ, ಹೂವು ಎಲ್ಲಾ ಕಡೆ, ಆದ್ರ ನೀರು ಇನ್ನೂ ಥಣ್ಣಗ. ನಾವು ಹೋಗಿದ್ದು ಮೇ ಕಡೀ ವಾರ, ಮಗಳು ದಿನಾ ನೀರಾಗ ಇಳದ್ಲು, ನಮಗ ಮೊಣಕಾಲ ತನಕ ಸಾಕಾತು. ಮೇದಾಗ ಕಾನ್ ಫಿಲ್ಮ್ ಫೆಸ್ಟಿವಲ್ ಇರೂ ದಿನ ಆ ಊರಿನ ಸುತ್ತಮುತ್ತ ಬುಕ್ ಮಾಡಾಕ ಹೋಗಬ್ಯಾಡ್ರಿ. ದಸರಾ ಸೂಟಿಗೆ ಹೋಗ್ತೀವಿ ಅಂದ್ರ ಭಾಳಷ್ಟು ಕ್ಯಾಂಪ್ ಆವಾಗ ಮುಚ್ಚಾಕತ್ತಿರ್ತಾವ.

ವೀಸಾ. ಇದರಾಗ ಕೆಲಸದ ಕ್ರಮ ಮುಖ್ಯ. ಪಾಸ್‌ಪೋರ್ಟ್ ಹುಬ್ಬಳ್ಳಿ ಸೇವಾ ಕೇಂದ್ರದಾಗ ಆಕ್ಕೈತಿ, ಫ್ರಾನ್ಸ್ ಸೇರಿ ಯುರೋಪಿನ ಭಾಳಷ್ಟು ದೇಶಕ್ಕ ನಡಿಯೂ ಷೆಂಗೆನ್ ವೀಸಾಕ್ಕ ಬೆರಳಚ್ಚು ಕೊಡಾಕ ನಾವು ಬೆಂಗಳೂರಿಗೆ ಹೋಗಿ ಬಂದ್ವಿ. ಪ್ರಯಾಣಕ್ಕ ಆರು ತಿಂಗಳು ಮೊದ್ಲಿಂದ ಹದಿನೈದು ದಿನ ಮೊದ್ಲತನಕ ಅರ್ಜಿ ಹಾಕಬಹುದು, ಆದ್ರ ನಮ್ಮ ಬ್ಯಾಸಗಿ ಸೂಟಿ ಮುಂದ ಅಪಾಯಿಂಟ್‌ಮೆಂಟ್ ಸಿಗೂದ ಕಷ್ಟ, ಫೆಬ್ರುವರಿದಾಗನ ಹಿಡೀರಿ. 2024ರ ಜೂನ್‌ದಿಂದ ದೊಡ್ಡವ್ರಿಗೆ ಫೀ 90 ಯುರೋ, ಆರರಿಂದ ಹನ್ನೆರಡು ವರ್ಷದ ಒಳಗಿನವ್ರಿಗೆ 45, ಅದರ ಮ್ಯಾಲ ಅರ್ಜಿ ತಗೊಳ್ಳೂ ವೀಸಾ ಸೆಂಟರಿನ ಚಾರ್ಜ್ ಬ್ಯಾರೆ. ಟ್ರಾವೆಲ್ ಇನ್ಶೂರೆನ್ಸ್ ಕಡಿಮಿ ಅಂದ್ರೂ 30,000 ಯುರೋದ್ದು ಇರಬೇಕು. ಟೆಂಟಿನ್ಯಾಗ ಇರ್ತೀವಿ ಅಂದ್ರ ವೀಸಾ ಕೊಡ್ತಾರೇನು ಅಂತ ನಮ್ಮ ಅಣ್ಣಾರು ಭಾಳ ಚಿಂತಿ ಮಾಡಿದ್ರು, ಏನೂ ತೊಂದ್ರೆ ಆಗ್ಲಿಲ್ಲ, ಕ್ಯಾಂಪಿನವ್ರು ಕಳಿಸಿದ ಬುಕಿಂಗ್ ಪತ್ರದಾಗ ಮೂರೂ ಮಂದಿ ಹೆಸರು ಪಾಸ್‌ಪೋರ್ಟಿನ್ಯಾಗ ಇದ್ದಂಗ ಇತ್ತು, ತಾರೀಖು ಎಲ್ಲಾ ಹತ್ತೂ ರಾತ್ರಿ ಕೂಡ್ತಿತ್ತು, ಅಷ್ಟ ಬೇಕು. ಆದ್ರ ವೀಸಾ ಕೈಗೆ ಬರೂತನಕ ರದ್ದು ಮಾಡಿದ್ರ ರೊಕ್ಕ ವಾಪಸ್ ಬರೂ ಬುಕಿಂಗ್ ಅಷ್ಟ ಮಾಡ್ರಿ. ಕ್ಯಾಂಪಿನವ್ರು ಕ್ಯಾನ್ಸಲ್ ಇನ್ಶೂರೆನ್ಸ್ ಅಂತ ಒಂದು ಮಾರ್ತಾರ, ಅದರಾಗ ವೀಸಾ ಸಿಗದಿದ್ರ ರೊಕ್ಕ ಕೊಡ್ತಾರೇನು ಅಂತ ಮೇಲ್ ಮಾಡಿ ಕೇಳಿ ಉತ್ತರ ಇಟ್ಕೋರಿ.

ಇನ್ನ ಬುಕ್ ಮಾಡೂ ಮುಂದ ನೋಡೂದು ಏನು. ಎಲ್ಲಾ ಕ್ಯಾಂಪಿನ ಫೋಟೋದಾಗೂ ಸಮುದ್ರ ನೀಲಿನ ಇರ್ತೈತಿ, ಫೋಟೋ ನಂಬಿ ಆರಿಸಬ್ಯಾಡ್ರಿ, ಮ್ಯಾಪ್ ತಗದು ಮ್ಯಾಲಿಂದ ನೋಡ್ರಿ. ಡೇರೆ ಹಾಕೂ ತುಣುಕು ಜಾಗಕ್ಕ ಅವ್ರು ಅಂಪ್ಲಾಸ್ಮಾಂ ಅಂತಾರ, ಅದರ ಮುಂದ ಓಂಬ್ರಾಜೆ ಅಂತ ಇದ್ರ ಗಿಡದ ನೆಳ್ಳು ಐತಿ ಅಂತ ಅರ್ಥ, ಆ ಒಂದು ಶಬ್ದ ನೆನಪಿಟ್ಕೋರಿ, ನೆಳ್ಳಿಲ್ಲದ ಜಾಗದಾಗ ಮುಂಜಾನೆ ಎಂಟಕ್ಕ ಟೆಂಟ್ ಒಳಗ ಬೇಯ್ತೀರಿ. ಸೀ ವ್ಯೂ ಅಂತ ಹೆಚ್ಚಿಗಿ ರೊಕ್ಕ ತಗೊಳ್ಳೂ ಮೊದ್ಲ ಸಾಲಿನ ಜಾಗಕ್ಕ ಬಹುಸಾರೆ ನೆಳ್ಳೂ ಇರಂಗಿಲ್ಲ ಗಾಳಿಗೆ ಅಡ್ಡನೂ ಇರಂಗಿಲ್ಲ. ಮೊಬಿಲ್ ಹೋಮ್ ಅಂದ್ರ ಕಟ್ಟಿಗಿ ಮನಿ ಇದ್ದಂಗ, ಅಡಗಿ ಮನಿ ಒಳಗ ಇರ್ತೈತಿ, ವಯಸ್ಸಾದವ್ರು ಇದ್ರ ಅದ ಚಲೋ. ರೊಕ್ಕ ಉಳಸಬೇಕು ಅಂದ್ರ ಊರಿನ ಮುನ್ಸಿಪಾಲ್ಟಿ ನಡಸೂ ಕ್ಯಾಂಪ್ ಹುಡುಕ್ರಿ, ಇಲ್ಲಾ ಹೊಲದಾಗ ಇರೂ ಸಣ್ಣ ಕ್ಯಾಂಪ್, ಅಲ್ಲೆ ಆರ ಆರು ಜಾಗ ಇರ್ತಾವ, ರೈತರ ಮನಿ ತರಕಾರಿನೂ ಸಿಗ್ತೈತಿ. ಒಂದು ಮುಖ್ಯ ಮಾತು, ಹೆಸರಿನ್ಯಾಗ ನಾತುರಿಸ್ತ್ ಅಂತ ಇದ್ರ ಅದು ಅರಿವಿ ಹಾಕ್ಕೊಳ್ಳದ ಇರೂ ಮಂದಿ ಕ್ಯಾಂಪ್, ಆ ದಂಡ್ಯಾಗ ಅಂಥವು ಭಾಳ ವರ್ಷದಿಂದ ಅದಾವ. ಮಕ್ಕಳನ್ನ ಕರ್ಕೊಂಡು ಹೋಗೂರು ಓದಿ ಬುಕ್ ಮಾಡ್ರಿ.

ಈಗ ಗಾಳಿ. ನಾನು ಈ ಬರಹ ಬರೀಲಿಕ್ಕೆ ಕಾರಣನ ಅದು. ಆ ಕಡೆ ಮಿಸ್ತ್ರಾಲ್ ಅಂತ ಒಂದು ಗಾಳಿ ಬೀಸ್ತೈತಿ, ಉತ್ತರದಿಂದ ರೋನ್ ನದಿ ಕಣಿವಿ ಹಿಡದು ಸಮುದ್ರದ ಕಡೆ ಇಳೀತೈತಿ, ಎರಡೂ ಕಡೆ ಬೆಟ್ಟ ಇರೂದ್ರಿಂದ ಕಣಿವ್ಯಾಗ ಇಕ್ಕಟ್ಟಾಗಿ ಜೋರ ಹಿಡೀತೈತಿ, ಒಮ್ಮೊಮ್ಮೆ ತಾಸಿಗೆ 100 ಕಿಲೋಮೀಟರ್ ದಾಟ್ತೈತಿ. ನಾವಿದ್ದ ಜಿಯಾಂಕ್ಕ ಮುಟ್ಟೂದ್ರಾಗ ಅದು ವಾಯವ್ಯದಿಂದ ಬೀಸ್ತೈತಿ. ಮೂರು ದಿನ, ಇಲ್ಲಾ ಆರು, ಇಲ್ಲಾ ಒಂಬತ್ತು ದಿನ ಬೀಸ್ತೈತಿ ಅಂತ ಅಲ್ಲಿ ಹಳೇ ಮಂದಿ ಮಾತು. ಆಕಾಶದಾಗ ಒಂದ ಮೋಡ ಇರಂಗಿಲ್ಲ, ಬಿಸಲು ಥಳಥಳ, ಅದಕ್ಕ ಗೊತ್ತಿಲ್ದವ್ರಿಗೆ ಎಚ್ಚರ ಆಗಂಗಿಲ್ಲ. ಗದಗ ಕಡೆ ಕಪ್ಪತಗುಡ್ಡದ ಸಾಲಿನ್ಯಾಗ ಗಾಳಿ ಗಿರಣಿ ತಿರಗೂದು ನೋಡೀರಲ್ಲ, ಆಷಾಢದಾಗ ಅಲ್ಲೆ ನಿಂತ್ರ ಕಿವಿ ಗುಂಯ್ ಅಂತೈತಿ, ಅದಕ್ಕಿಂತ ಜೋರ ಗಾಳಿ, ಮತ್ತ ಥಣ್ಣಂದು, ಅದರಾಗ ಟೆಂಟ್ ನಿಲ್ಲಬೇಕು.

ಜಿಯಾಂದಾಗ ನಾವು ಮೂರನೇ ರಾತ್ರಿ ಇದನ್ನ ಕಂಡ್ವಿ. ಟೆಂಟಿನ ಬಾಗಲಾ ವಾಯವ್ಯಕ್ಕ ಮಾಡಿ ಹಾಕಿದ್ದೆ, ಅಲ್ಲಿಂದ ಸಂಜಿ ಸೂರ್ಯ ಚಂದ ಕಾಣ್ತಿತ್ತು ಅಂತ. ರಾತ್ರಿ ಎರಡಕ್ಕ ಗಾಳಿ ಬಾಗಲದೊಳಗ ಹೊಕ್ಕು ಟೆಂಟ್ ಬಲೂನ್ ಆತು, ಎರಡು ಗೂಟ ಕಿತ್ಕೊಂಡು ಬಂದ್ವು, ಒಂದು ಕೋಲು ಮುರೀತು. ಮಗಳನ್ನ ಸ್ನಾನದ ಮನಿ ಕಟ್ಟಿಮ್ಯಾಲ ಚಾದರ ಹೊಚ್ಚಿ ಕುಂದರಿಸಿ ನಾವಿಬ್ರೂ ಕತ್ತಲಾಗ ಟೆಂಟ್ ಇಳಿಸಿದ್ವಿ. ಮಗ್ಗಲ ಟೆಂಟಿನ ವಯಸ್ಸಾದ ಗಂಡ ಹೆಂಡ್ತಿ ಎದ್ದು ಬಂದು, ಒಂದು ಮಾತೂ ಭಾಷಿ ಕೂಡದಿದ್ರೂ, ಬೆನ್ನು ಗಾಳಿಗೆ ಕೊಡಬೇಕು ಅಂತ ಕೈ ಸನ್ನಿ ಮಾಡಿ ತೋರಿಸಿ, ತಮ್ಮ ಉಕ್ಕಿನ ಗೂಟ ಕೊಟ್ಟು ಹಾಕಿಸಿದ್ರು. ಅದಕ್ಕ ಹೇಳ್ತೀನಿ, ಟೆಂಟಿನ ತಗ್ಗಿರೂ ಹಿಂದಿನ ಮಗ್ಗಲು ವಾಯವ್ಯಕ್ಕ ಇರಬೇಕು, ಬಾಗಲಾ ಅದರ ವಿರುದ್ಧ, ಎಲ್ಲಾ ಹಗ್ಗ ಮೊದ್ಲನೇ ದಿನನ ಕಟ್ಟಬೇಕು, ಗಾಳಿ ಇಲ್ಲಲ್ಲ ಅಂತ ಬಿಡಬಾರದು. ಎತ್ತರದ ಫ್ಯಾಮಿಲಿ ಟೆಂಟ್ ನೋಡಾಕ ಚಂದ, ಆದ್ರ ಗುಮ್ಮಟದ ಆಕಾರದ ತಗ್ಗಿನ ಟೆಂಟ್ ಗಾಳಿ ತಡೀತೈತಿ. ದಿನಾ ಸಂಜೀಕ ಅಲ್ಲಿ ಹವಾಮಾನ ಇಲಾಖೆಯ ಮೆಟೆಯೊ ಫ್ರಾನ್ಸ್ ಆ್ಯಪಿನ್ಯಾಗ ಗಾಳಿ ಬಾಣ ನೋಡ್ರಿ.

ಜಿಯಾಂದಾಗ ಪಶ್ಚಿಮದ ಅಲ್ಮನಾರ್ ಬೀಚ್ ಗಾಳಿಗೆ ಎದಿ ಕೊಟ್ಟು ನಿಂತೈತಿ, ಅದಕ್ಕ ಅಲ್ಲೆ ದೊಡ್ಡ ಗಾಳಿಪಟ ಹಿಡದು ಹಲಗಿ ಮ್ಯಾಲ ನಿಂತು ನೀರಿನ್ಯಾಗ ಜಾರೂ ಕೈಟ್ ಸರ್ಫಿಂಗ್ ಮಾಡೂರ ಜಾತ್ರಿ. ಪೂರ್ವದ ಮಗ್ಗಲಕ ಪೈನ್ ಗಿಡ ಅದಾವ, ಅಲ್ಲಿ ಕ್ಯಾಂಪ್ ಹಿಡೀರಿ. ಆದ್ರ ಪೂರ್ವದ ಕಡೆ ಮತ್ತೊಂದು ಅಪಾಯ ಐತಿ, ಮಿಸ್ತ್ರಾಲ್ ಬೀಸೂ ದಿನ ಅಲ್ಲಿ ನೀರು ತಟ್ಟಿ ಹಂಗ ಶಾಂತ ಕಾಣ್ತೈತಿ, ಗಾಳಿ ಮಾತ್ರ ನೆಲದಿಂದ ಸಮುದ್ರದ ಕಡೆ ಬೀಸ್ತಿರ್ತೈತಿ, ಹುಡುಗ್ರು ಗಾಳಿ ತುಂಬಿದ ರಿಂಗ್ ಮ್ಯಾಲ ಕುಂತ್ರ ನೋಡ ನೋಡದೊಳಗ ದೂರ ಹೊಕ್ಕಾರ. ಆ ದಿನ ರಿಂಗ್, ಗಾಳಿ ಹಾಸಗಿ ಯಾವದೂ ನೀರಿಗೆ ಇಳಸಬ್ಯಾಡ್ರಿ. ಸಮುದ್ರದಾಗ ಏನರೆ ಆದ್ರ ಫೋನ್ ನಂಬರ್ 196, ಉಳದಿದ್ದಕ್ಕೆಲ್ಲಾ 112. ಅಗೇ ಕಡೆ ಹೋದಂಗ ಮಿಸ್ತ್ರಾಲ್ ಜೋರ ಕಡಿಮಿ ಆಕ್ಕೈತಿ, ಸಣ್ಣ ಮಕ್ಕಳು ಇದ್ರ ಹತ್ತೂ ರಾತ್ರಿ ಅಲ್ಲೇ ಇರ್ರಿ ಅಂತನ ನಾನು ಹೇಳೂದು.

ನೆಲದ ವಿಷಯ. ಬ್ಯಾಸಗ್ಯಾಗ ಅಲ್ಲಿ ನೆಲ ನಮ್ಮ ಗರಸು ಭೂಮಿ ಇದ್ದಂಗ, ಟೆಂಟಿನ ಜೋಡಿ ಬರೂ ತೆಳ್ಳನ ಗೂಟ ಮಣೀತಾವ. ಉಕ್ಕಿನ ದಪ್ಪ ಗೂಟ ಹತ್ತು ಹನ್ನೆರಡು, ಒಂದು ಸಣ್ಣ ಸುತ್ತಿಗಿ, ಎರಡೂ ಚೆಕ್ ಇನ್ ಬ್ಯಾಗಿನ್ಯಾಗ ಇಡ್ರಿ, ಕೈಬ್ಯಾಗಿನ್ಯಾಗ ಬಿಡಂಗಿಲ್ಲ. ಹೋಗೂ ಮುಂಚೆ ಎರಡು ಸಲ ಇಲ್ಲೇ ಹಾಕಿ ನೋಡ್ರಿ. ನಾವು ಮುಳಗುಂದದ ಕಡೆ ನಮ್ಮ ಮಾವನವ್ರ ಹೊಲದಾಗ ಒಂದು ರಾತ್ರಿ ಹಾಕಿ ಮಲಗಿದ್ವಿ, ಎರೆ ಹೊಲದಾಗ ಗೂಟ ಬೆಣ್ಣ್ಯಾಗ ಇಳದಂಗ ಇಳದು ಹಂಗ ಕಿತ್ಕೊಂಡು ಬರ್ತಿತ್ತು, ಹಂಗಾಗಿ ಮರುವಾರ ಮನಿ ಹಿಂದ ಗಟ್ಟಿ ನೆಲದಾಗ ಹಾಕಿ ಕಲಿತ್ವಿ.

ಬೆಂಕಿ ಬಗ್ಗೆ ಅಲ್ಲಿ ಮಂದಿ ಎಷ್ಟು ಗಂಭೀರ ಅದಾರ ಅನ್ನೋದು ಹೋಗಿ ನೋಡಿದ್ರ ತಿಳೀತೈತಿ. ಒಣ ಬ್ಯಾಸಗಿ, ಎಣ್ಣಿ ತುಂಬಿದ ಪೈನ್ ಗಿಡ, ಮ್ಯಾಲ ಮಿಸ್ತ್ರಾಲ್, ಮೂರೂ ಕೂಡಿದ್ರ ಒಂದು ಕಿಡಿ ಸಾಕು. 2021ರ ಆಗಸ್ಟ್‌ದಾಗ ಅಲ್ಲೇ ವಾರ್ ಜಿಲ್ಲಾದ ಮೋರ್ ಗುಡ್ಡದಾಗ ಸುಮಾರು 7000 ಹೆಕ್ಟೇರ್ ಕಾಡು ಸುಟ್ಟಿತು, ಇಬ್ರು ಸತ್ರು, ಕ್ಯಾಂಪಿನ್ಯಾಗ ಇದ್ದವ್ರೂ ಸೇರಿ ಸಾವಿರಾರು ಮಂದಿನ ರಾತ್ರೋರಾತ್ರಿ ಬ್ಯಾರೆ ಕಡೆ ಕಳಿಸಿದ್ರು. ಅದಕ್ಕ ಕ್ಯಾಂಪ್ ಫೈರ್ ಆಸೆ ಬಿಟ್ಟ ಹೋಗ್ರಿ. ಇದ್ದಲಿ ಒಲಿನೂ ಭಾಳ ಕಡೆ ನಡಿಯಂಗಿಲ್ಲ, ಗ್ಯಾಸ್ ಸ್ಟೋವ್ ಹಚ್ಚಬಹುದೋ ಇಲ್ಲೋ ರಿಸೆಪ್ಷನ್‌ದಾಗ ಕೇಳ್ರಿ. ಜೂನ್‌ದಿಂದ ಸೆಪ್ಟೆಂಬರ್ ತನಕ ಗುಡ್ಡದ ದಾರಿ ತೆರದೈತೋ ಮುಚ್ಚೈತೋ ಅನ್ನೋದನ್ನ ಹಿಂದಿನ ದಿನ ಸಂಜೀಕ ಜಿಲ್ಲಾ ಆಡಳಿತದವ್ರು ಮ್ಯಾಪಿನ್ಯಾಗ ಹಾಕ್ತಾರ, ಕೆಂಪು ಇದ್ರ ಒಳಗ ಕಾಲಿಡಬಾರದು. ಟೆಂಟ್ ಹಾಕಿದ ದಿನನ ಕ್ಯಾಂಪಿನ ಹೊರಗ ಹೋಗೂ ದಾರಿ ಎಲ್ಲೈತಿ ಅಂತ ಮಕ್ಕಳಿಗೂ ತೋರಿಸಿ ಇಡ್ರಿ.

ಊಟ. ನಾವು ಶಾಖಾಹಾರಿಗಳು, ಮನ್ಯಾಗ ಎಲ್ಲಾರಿಗೂ ಇದ ದೊಡ್ಡ ಚಿಂತಿ ಇತ್ತು. ಮೊದ್ಲ ಏನು ಒಯ್ಯಬಾರದು ಹೇಳ್ತೀನಿ. ಯುರೋಪಿನ ಒಳಗ ಹೊರಗಿನ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯಾಕ ಬರಂಗಿಲ್ಲ, ಅಂದ್ರ ನಮ್ಮ ಧಾರವಾಡ ಪೇಡೆ ಇಲ್ಲ, ತುಪ್ಪ ಇಲ್ಲ, ಗೋಕಾಕ ಕರದಂಟಿನ್ಯಾಗ ತುಪ್ಪ ಇದ್ರ ಅದನ್ನೂ ಮನ್ಯಾಗ ಬಿಡ್ರಿ. ಹಸಿ ಕರಿಬೇವು, ಹಸಿ ಕಾಯಿಪಲ್ಲೆನೂ ಬ್ಯಾಡ. ಒಯ್ಯೂದು ಏನಂದ್ರ ಕಡಕ್ ಜ್ವಾಳದ ರೊಟ್ಟಿ, ಅವು ಮುರದ್ರೂ ರುಚಿ ಕೆಡಂಗಿಲ್ಲ, ಒಂದು ಸ್ಟೀಲ್ ಡಬ್ಬಿ ತುಂಬ ಇಟ್ಟಿದ್ವಿ. ಶೇಂಗಾ ಚಟ್ನಿ ಪುಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಬ್ಯಾಡಗಿ ಖಾರಪುಡಿ, ಹುರದ ರವಾ, ತೆಳ್ಳನ ಅವಲಕ್ಕಿ, ಹೆಸರುಬ್ಯಾಳಿ. ಅಕ್ಕಿ, ಉಳ್ಳಾಗಡ್ಡಿ, ಟೊಮ್ಯಾಟೊ, ಬದನಿಕಾಯಿ, ಮೊಸರು ಎಲ್ಲಾ ಅಲ್ಲೆ ಸಿಗ್ತಾವ, ಬದನಿಕಾಯಿ ದೊಡ್ಡವು, ಎಣ್ಣಿಗಾಯಿ ಆಗಂಗಿಲ್ಲ, ಪಲ್ಲೆ ಆಕ್ಕೈತಿ. ಭಾನುವಾರ ಮಧ್ಯಾಹ್ನದ ಮ್ಯಾಲ ಅಂಗಡಿ ಮುಚ್ಚಿರ್ತಾವ, ಶನಿವಾರನ ಸಂತಿ ಮಾಡ್ರಿ. ಮುಂಜಾನೆ ಬ್ರೆಡ್ ಬೇಕಂದ್ರ ಹಿಂದಿನ ಸಂಜೀಕ ಕ್ಯಾಂಪ್ ಆಫೀಸಿನ್ಯಾಗ ಹೇಳಿ ಬರಬೇಕು.

ಹೊರಗ ತಿನ್ನೂ ಮುಂದ ನಮ್ಮವ್ರಿಗೆ ಖುಷಿ ಆಗೂದು ಒಂದೈತಿ, ನೀಸ್‌ದಾಗ ಸೊಕ್ಕಾ ಅಂತ ಮಾಡ್ತಾರ, ಕಡ್ಲಿ ಹಿಟ್ಟು ನೀರು ಆಲಿವ್ ಎಣ್ಣಿ ಉಪ್ಪು ಕಲಸಿ ದೊಡ್ಡ ತಾಮ್ರದ ಹಂಚಿನ್ಯಾಗ ಹೊಯ್ದು ಒಲ್ಯಾಗ ಸುಡ್ತಾರ, ಮ್ಯಾಲ ಕರಿಮೆಣಸಿನ ಪುಡಿ. ಮಾರ್ಸೇದಾಗ ಅದ ಹಿಟ್ಟನ್ನ ಕುದಿಸಿ ಗಟ್ಟಿ ಮಾಡಿ ಕತ್ತರಿಸಿ ಕರೀತಾರ, ಪನಿಸ್ ಅಂತಾರ. ಝುಣಕದ ವಡಿ ತಿಂದು ಬೆಳದ ನಮಗ ಪರದೇಶದಾಗ ಅದು ಸಿಕ್ಕಾಗ ಎಷ್ಟು ಸಮಾಧಾನ ಆತು ಅಂದ್ರ, ಮಗಳು ಅದರ ಜೋಡಿ ಕಡಕ್ ರೊಟ್ಟಿ ಹಚ್ಕೊಂಡು ತಿಂದ್ಲು. ತರಕಾರಿ ಇದ್ದಂಗ ಕಂಡು ಮೋಸ ಆಗೂವೂ ಅದಾವ, ಉಳ್ಳಾಗಡ್ಡಿ ಹಾಕಿದ ಪಿಸ್ಸಲಾದಿಯೇರ್ ಮ್ಯಾಲ ಸಣ್ಣ ಮೀನ ಇರ್ತೈತಿ, ಪಾಂ ಬಾನ್ಯಾ ಅನ್ನೋ ದುಂಡು ಬ್ರೆಡ್ಡಿನ್ಯಾಗ ಮೀನ ಮತ್ತ ತತ್ತಿ. ಸಾಂ ವಿಯಾಂದ್, ಸಾಂ ಪ್ವಾಸೋಂ ಅಂತ ಎರಡೂ ಹೇಳ್ರಿ, ಮಾಂಸ ಬ್ಯಾಡ ಮೀನ ಬ್ಯಾಡ ಅಂತ, ಮಾಂಸ ಬ್ಯಾಡ ಅಂದ್ರ ಮೀನ ಹಾಕಿ ಕೊಡ್ತಾರ.

ಗ್ಯಾಸ್ ಡಬ್ಬಿ ವಿಮಾನದಾಗ ಯಾವ ಬ್ಯಾಗಿನ್ಯಾಗೂ ಒಯ್ಯಾಕ ಬರಂಗಿಲ್ಲ, ಸ್ಟೋವ್ ಸ್ವಚ್ಛ ಇದ್ರ ಏರ್‌ಲೈನ್ ಕೇಳಿ ಒಯ್ಯಬಹುದು. ಫ್ರಾನ್ಸಿನ್ಯಾಗ ಎರಡು ತರದ ಡಬ್ಬಿ ಅದಾವ, ಒಂದು ತಿರುವಿ ಕೂಡಸೂದು, ಒಂದು ಒತ್ತಿ ಕೂಡಸೂದು, ಕ್ಯಾಂಪಿನ ಅಂಗಡ್ಯಾಗ ಹೆಚ್ಚು ಒತ್ತಿ ಕೂಡಸೂದ ಇರ್ತೈತಿ. ನಾವು ಇದರ ತಲಿಬ್ಯಾನಿನ ಬ್ಯಾಡ ಅಂತ ಸ್ಟೋವ್ ಡಬ್ಬಿ ಎರಡೂ ಅಲ್ಲೇ ತಗೊಂಡ್ವಿ.

ಕ್ಯಾಂಪಿನ ದಿನನಿತ್ಯದ ಮಾತು ಒಂದಿಷ್ಟು. ಶೌಚಾಲಯದಾಗ ನೀರಿನ ಪೈಪ್ ಇರಂಗಿಲ್ಲ, ಪೇಪರ್ ಸುದ್ದಾ ಕೆಲವು ಕಡೆ ಇರಂಗಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಒಯ್ರಿ. ನಳದ ಮ್ಯಾಲ ನೋಂ ಪೊತಾಬ್ಲ್ ಅಂತ ಬರದಿದ್ರ ಆ ನೀರು ಕುಡ್ಯಾಕ ಅಲ್ಲ. ಕ್ಯಾಂಪಿನ ಈಜುಕೊಳದಾಗ ಗಂಡಸರು ಮೊಣಕಾಲ ತನಕದ ಸಡಿಲ ಚಡ್ಡಿ ಹಾಕ್ಕೊಂಡ್ರ ಬಹುಸಾರೆ ಬಿಡಂಗಿಲ್ಲ, ಮೈಗೆ ಹತ್ತಿದ ಈಜು ಚಡ್ಡಿನ ಬೇಕು, ಇಲ್ಲೇ ಖರೀದಿ ಮಾಡ್ಕೊಂಡು ಹೋಗ್ರಿ. ಕರೆಂಟ್ ಪ್ಲಗ್ ಕೆಲವು ಕಡೆ ದೊಡ್ಡ ನೀಲಿ ಮೂರು ಕಡ್ಡಿದು ಇರ್ತೈತಿ, ಅಡಾಪ್ಟರ್ ರಿಸೆಪ್ಷನ್‌ದಾಗ ಬಾಡಿಗಿ ಕೊಡ್ತಾರ. ರಾತ್ರಿ ಹತ್ತು ಹನ್ನೊಂದರ ಮ್ಯಾಲ ಜೋರ ಮಾತಾಡಬಾರದು, ಆದ್ರ ಜೂನ್‌ದಾಗ ಸೂರ್ಯ ಮುಳಗೂದ ರಾತ್ರಿ ಒಂಬತ್ತು ದಾಟಿದ ಮ್ಯಾಲ, ಮಕ್ಕಳಿಗೆ ನಿದ್ದಿ ಬರಂಗಿಲ್ಲ, ಕಣ್ಣಿಗೆ ಕಟ್ಟೂ ಅರಿವಿ ಒಂದಿರಲಿ.

ನೋಡೂ ಜಾಗ ಭಾಳ ಅದಾವ, ಮೂರ ಹೇಳ್ತೀನಿ. ಜಿಯಾಂ ತುದಿಯ ಲಾ ತೂರ್ ಫೊಂದ್ಯುದಿಂದ ಬೋಟಿನ್ಯಾಗ ಇಪ್ಪತ್ತು ನಿಮಿಷದೊಳಗ ಪೊರ್ಕೆರೋಲ್ ದ್ವೀಪ, ಪ್ರವಾಸಿಗಳ ಕಾರ್ ಅಲ್ಲೆ ಒಯ್ಯಾಕ ಬರಂಗಿಲ್ಲ, ಸೈಕಲ್ ಬಾಡಿಗಿ ತಗೋರಿ, ಡೇರೆ ಮಾತ್ರ ಹಾಕಾಕ ಬರಂಗಿಲ್ಲ, ಸಂಜಿ ಬೋಟಿಗೆ ವಾಪಸ್. ಕಲಾಂಕ್‌ಕ್ಕ ಒಂದಿನ ಟ್ರೇನಿನ್ಯಾಗ ಹೋಗಿ ಬರ್ರಿ, ಸುಜಿತೋಂ ಅನ್ನೋ ಕೊಲ್ಲಿಗೆ ಬ್ಯಾಸಗ್ಯಾಗ ದಿನಕ್ಕ 400 ಮಂದಿನ ಅಷ್ಟ ಬಿಡ್ತಾರ, ಪುಕ್ಕಟ ಆದ್ರೂ ಮೊದ್ಲ ರಿಸರ್ವೇಷನ್ ಬೇಕು. ಅಗೇ ಮಗ್ಗಲಕ ದ್ರಾಮೋಂ ಬೀಚಿನ್ಯಾಗ 1944ರ ಆಗಸ್ಟ್ 15ಕ್ಕ ಅಮೆರಿಕದ ಸೈನಿಕರು ಇಳದಿದ್ರು, ಅಲ್ಲಿಂದ ಭೂಶಿರದ ಸುತ್ತ ಕೆಂಪು ಕಲ್ಲಿನ ದಂಡಿ ಹಿಡದು ನಡಿಯೂ ಹಾದಿ ಐತಿ, ಮುಂಜಾನೆ ಏಳಕ್ಕ ಹೊಂಟು ಬಿಸಲೇರೂ ಮುಂಚೆ ಬಂದ್ಬಿಡ್ರಿ. ಗೋಕರ್ಣ ಕಾರವಾರ ಕಂಡ ನಮಗ ಅಲ್ಲಿ ವಿಚಿತ್ರ ಅನಸೂದು ಏನಂದ್ರ ಭರತ ಇಳತ ಕಾಣೂದ ಇಲ್ಲ, ಮುಂಜಾನೆ ನೀರು ಎಲ್ಲಿತ್ತೋ ಸಂಜೀಕೂ ಅಲ್ಲೇ. ಉಸುಕಿಗಿಂತ ಕಲ್ಲು ಹೆಚ್ಚು, ಕಲ್ಲಿನ ಸಂದ್ಯಾಗ ಮುಳ್ಳಿನ ಉಂಡಿಯಂಥ ಸಮುದ್ರದ ಪ್ರಾಣಿ ಕುಂತಿರ್ತೈತಿ, ರಬ್ಬರ್ ಬೂಟ್ ಹಾಕ್ಕೊಂಡ ಇಳೀರಿ. ದಂಡ್ಯಾಗ ಒಣಗಿದ ಕಂದು ಎಲಿ ರಾಶಿ ಬಿದ್ದಿರ್ತೈತಿ, ಅದು ಹೊಲಸಲ್ಲ, ಪೊಸಿಡೋನಿಯಾ ಅನ್ನೋ ಸಮುದ್ರದ ಹುಲ್ಲು, ಮೀನ ಮರಿ ಬೆಳಿಯೂದ ಅದರಾಗ, ಉಸುಕು ಕೊಚ್ಕೊಂಡು ಹೋಗದಂಗ ತಡಿಯೂದೂ ಅದ.

ರೊಕ್ಕದ ಮಾತು, ಸೀಸನ್ ಬಿಟ್ಟು ಎರಡು ಮೂರು ಮಂದಿಗೆ ಡೇರೆ ಜಾಗ ರಾತ್ರಿಗೆ 20ರಿಂದ 35 ಯುರೋ ಆಸುಪಾಸು ಹಿಡೀರಿ, ಆಗಸ್ಟ್‌ದಾಗ ಅದರ ಎರಡು ಪಟ್ಟು, ಮ್ಯಾಲ ತಲಿಗಿಷ್ಟು ಅಂತ ಪ್ರವಾಸಿ ತೆರಿಗಿ. ದೊಡ್ಡ ಖರ್ಚು ವಿಮಾನದ್ದ, ಅದನ್ನ ಎಷ್ಟು ಬೇಗ ನೋಡ್ತೀರೋ ಅಷ್ಟು ಉಳೀತೈತಿ. ದುಬೈ, ಪ್ಯಾರಿಸ್ ದಾರಿಯಿಂದ ನೀಸ್‌ಕ್ಕ ಇಳದ್ರ ವಿಮಾನ ನಿಲ್ದಾಣದ ಹತ್ರನ ಸೇಂಟ್ ಓಗುಸ್ತಾಂ ಸ್ಟೇಷನ್ ಐತಿ.

ಕಡೀ ದಿನ ಟೆಂಟ್ ಬಿಚ್ಚಾಕ ಅವಸರ ಮಾಡಬ್ಯಾಡ್ರಿ. ರಾತ್ರಿ ಇಬ್ಬನಿಗೆ ಹಸಿ ಆಗಿರ್ತೈತಿ, ಹಂಗ ಮಡಚಿ ಬ್ಯಾಗಿಗೆ ಹಾಕಿದ್ರ ನಮ್ಮ ಜೂನ್ ಮಳ್ಯಾಗ ಮನಿಗೆ ಬಂದು ಬಿಚ್ಚೂದ್ರಾಗ ಬೂಸ್ಟ ಹಿಡದಿರ್ತೈತಿ, ಮುಂಜಾನೆ ಹತ್ತರ ತನಕ ಬಿಸಲಿಗೆ ಹರವಿ ಆಮ್ಯಾಲ ಮಡಚ್ರಿ. ಉಳದ ಗ್ಯಾಸ್ ಡಬ್ಬಿ ವಿಮಾನಕ್ಕ ನಡಿಯಂಗಿಲ್ಲ ಅಂದ್ನೆಲ್ಲ, ಕಸಕ್ಕ ಒಗೀಬ್ಯಾಡ್ರಿ, ಹೊಸದಾಗಿ ಬಂದವ್ರಿಗೆ ಕೊಟ್ಟು ಬರ್ರಿ. ಅಗೇದಾಗ ನಮ್ಮ ಮಗ್ಗಲಕ ಆವತ್ತ ಮುಂಜಾನೆ ಬಂದ ಒಂದು ಹುಡುಗ ಹುಡುಗಿ ಗೂಟ ಹೊಡಿಲಿಕತ್ತಿದ್ರು, ಡಬ್ಬಿ ಕೊಟ್ವಿ, ಉಳದ ಉಕ್ಕಿನ ಗೂಟನೂ ಕೊಟ್ವಿ, ಮಗಳು ಅವ್ರ ಟೆಂಟಿನ ಬಾಗಲಾ ಯಾವ ಕಡೆ ತಿರುಗಿಸಬೇಕು ಅಂತ ಕೈ ಸನ್ನಿ ಮಾಡಿ ತೋರಿಸಿ ಬಂದ್ಲು.